ಹೆಗಲು ನೋವಿಗೆ ಶಿವಮೊಗ್ಗದ ನಸ್ಯ

ಓಲ್ಡ್ ಟೌನಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಬಲಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹನ್ನೆರಡು ಮೈಲಿ. ಆದರೂ ಅಲ್ಲೇ ಉಳಿದು ಚಿಕಿತ್ಸೆ ಪಡೆಯಲೆಂದು ವಾರಕ್ಕಾಗುವಷ್ಟು ಬಟ್ಟೆ ತುಂಬಿಕೊಂಡಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೋರ್ಡಿನ ಮೇಲೆ ಬರೆಯಲಾಗದ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ? ರಜೆ ಮುಗಿಯುವ ಸೋಮವಾರದೊಳಗೆ ಕೈ ಏಳಲೇಬೇಕಿತ್ತು.

ಹಿಂದಿನ ತಿಂಗಳು ನಮ್ಮ ಬೀದಿಯಲ್ಲಿ ಬಾವಿ ತೋಡುವಾಗ ಮಣ್ಣು ಕುಸಿಯಿತು. ನೋಡುತ್ತ ನಿಂತಿದ್ದ ನಾನು ಹಗ್ಗಕ್ಕೆ ಕೈಹಾಕಿದೆ. ಕೆಳಗೆ ಅದರ ತುದಿಯಲ್ಲಿ, ಒಳಗಿಳಿದು ತೋಡುತ್ತಿದ್ದ ಚೌಡಪ್ಪ ಜೋತಾಡುತ್ತಿದ್ದ. ಜನ ಓಡಿ ಬರುವವರೆಗೆ ಹಿಡಿದಿದ್ದೆ. ಅವನು ಬದುಕಿದ, ಕಾಲು ವಾಸಿಯಾಗುವ ತನಕ ಇರಲೆಂದು ಆಯನೂರಿನ ಅಣ್ಣನ ಮನೆಗೆ ಹೋದ. ನನಗೆ ಈಗಲೂ ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಹಗ್ಗ ಜಾರುತ್ತದೆ. ಎಲ್ಲರೂ ಚೌಡಪ್ಪನನ್ನು ವಿಚಾರಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಶಿವಮೊಗ್ಗದ ಆಯುರ್ವೇದ ಪಂಡಿತರು ನನ್ನ ಮುಖಕ್ಕೂ ಕುತ್ತಿಗೆಗೂ ಎಣ್ಣೆ ತಿಕ್ಕಿ, ಬಿಸಿಬಟ್ಟೆಯ ಶಾಖ ಕೊಟ್ಟು, ಬೆಂಚಿನ ಮೇಲೆ ಮಲಗಿಸಿದರು. ನಸ್ಯವೆಂದರೆ ಮೂಗಿಗೆ ಎಣ್ಣೆ ಬಿಡುವುದು; ಅದಕ್ಕೆ ತಲೆ ಅಂಚಿನಾಚೆ ಹಿಂದಕ್ಕೆ ಬಾಗಬೇಕು. ನನ್ನದು ಬಾಗಲೊಲ್ಲದು.

"ತಲೆ ಬಿಡಿ ಮೇಷ್ಟ್ರೇ. ಬೆಂಚನ್ನ ಯಾಕೆ ಹಂಗೆ ಹಿಡ್ಕೊಂಡಿದೀರಿ? ಅದೇನು ಓಡಿಹೋಗುತ್ತಾ?"

"ಬಿಟ್ರೆ ಬಿದ್ದೋಗ್ತೀನಿ ಅನ್ಸುತ್ತೆ."

"ಬಿದ್ರೂ ಎಲ್ಲಿಗೆ ಹೋಗ್ತೀರಿ ಮಾರಾಯ್ರೇ, ನೆಲ ಇಲ್ಲೇ ಇದೆಯಲ್ಲ!"

ಅಂದು ಸೀನಿ ಎಣ್ಣೆಯನ್ನೆಲ್ಲ ಅವರ ಕನ್ನಡಕಕ್ಕೆ ಸಿಡಿಸಿದೆ. ಮರುದಿನವೂ ಅದೇ ಕಥೆ. ಮೂರನೆಯ ದಿನ ಅವರು ನನ್ನ ತಲೆಯ ಕೆಳಗೆ ಅಂಗೈ ಇಟ್ಟು ಕಾದರು. ಎಷ್ಟು ಹೊತ್ತೋ ತಿಳಿಯದು. ನನ್ನ ಭಾರವನ್ನು ಇನ್ನೊಬ್ಬರು ಹಿಡಿದಿದ್ದಾರೆ ಎನ್ನಿಸಿದಾಗ ಬೆರಳು ತಾನಾಗಿ ಸಡಿಲವಾಯಿತು. ಬೆಚ್ಚಗಿನ ಕಹಿ ಮೂಗಿನಿಂದ ಗಂಟಲಿಗೆ ಇಳಿಯಿತು. ನುಂಗದೆ ಉಗಿದೆ.

ಆಮೇಲಿನ ಪಥ್ಯವೇ ಕಷ್ಟ. ಸಂಜೆಯವರೆಗೆ ಮಾತಿಲ್ಲ, ತಣ್ಣೀರಿಲ್ಲ, ಕಿವಿಗೆ ಗಾಳಿ ತಾಗುವಂತಿಲ್ಲ. ಲಾಡ್ಜಿನ ಕಿಟಕಿ ಮುಚ್ಚಿಕೊಂಡು ಬಿಸಿ ಗಂಜಿ ಕುಡಿಯುತ್ತಿದ್ದೆ. ಹೊರಗೆ ಬಜಾರಿನವರೆಲ್ಲ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು.

ಶನಿವಾರ ಕೊನೆಯ ನಸ್ಯ ಮುಗಿಸಿ, ತಲೆಗೆ ಟವೆಲು ಸುತ್ತಿ, ಮಧ್ಯಾಹ್ನದ ಬಸ್ಸು ಹಿಡಿದೆ. ಪಕ್ಕದಲ್ಲಿ ಕುಳಿತ ನಡುವಯಸ್ಸಿನವನು ನನ್ನನ್ನೇ ದಿಟ್ಟಿಸಿದ.

"ಓಲ್ಡ್ ಟೌನಲ್ಲಿ ಬಾವಿ ಹತ್ರ ಹಗ್ಗ ಹಿಡಿದವರು ನೀವೇ ಅಲ್ವಾ ಸಾರ್? ನಾನು ಕೊನೆಗೆ ಓಡಿಬಂದೆ. ನೀವೊಬ್ಬರೇ ಇದ್ರಲ್ಲ, ಹೆಂಗೆ ಹಿಡಿದ್ರಿ? ಹೆದರಿಕೆ ಆಗ್ಲಿಲ್ವಾ?"

ಒಂದು ತಿಂಗಳಿಂದ ಈ ಪ್ರಶ್ನೆಗೆ ಕಾದಿದ್ದೆ. ಮಾತು ನಾಲಿಗೆಯ ತುದಿಗೆ ಬಂತು. ಪಥ್ಯ ಕೆಟ್ಟು ಕೈ ಏಳದೇ ಹೋದರೆ? ಗಂಟಲು ತೋರಿಸಿ ತಲೆಯಾಡಿಸಿದೆ.

"ಓ, ಗಂಟಲು ಕೆಟ್ಟಿದ್ಯಾ? ಇರ್ಲಿ ಬಿಡಿ, ಆಯಾಸ ಮಾಡ್ಕೋಬೇಡಿ" ಎಂದು ಕಿಟಕಿಯ ಕಡೆ ತಿರುಗಿದ. ಮಾಚೇನಹಳ್ಳಿಯಲ್ಲಿ ಇಳಿದುಹೋದ.

ಬಸ್ಸು ಹೊರಟಾಗ ಹಿಂದಿರುಗಿ ನೋಡಿದೆ. ಧೂಳಿನಲ್ಲಿ ಆತ ರಸ್ತೆ ದಾಟುತ್ತಿದ್ದ. ಅವನನ್ನು ಹೇಗಾದರೂ ನಿಲ್ಲಿಸಬೇಕೆನಿಸಿ ಕೈ ಎತ್ತಿದೆ. ಅದು ಹೆಗಲು ದಾಟಿ, ಕಿವಿ ದಾಟಿ, ನೋವಿಲ್ಲದೆ ತಲೆಯ ಮೇಲಕ್ಕೆ ಹೋಯಿತು. ಆತ ತಿರುಗಲಿಲ್ಲ. ಅವನು ಕಾಣುವಷ್ಟು ದೂರವೂ ಕೈ ಎತ್ತಿಕೊಂಡೇ ಇದ್ದೆ.