ಕೇಬಲ್ ಬಂದ್ ಆದ ಮಧ್ಯಾಹ್ನ

2010ರ ದಶಕದ ಆರಂಭದಲ್ಲಿ ನಾನು ಥಾಣೆಯ ಸೇನಾ ಕಚೇರಿಯೊಂದರಲ್ಲಿ ಸುಬೇದಾರನಾಗಿದ್ದೆ. ಯೋಧ ಮಡಿದರೆ ಮನೆಯವರಿಗೆ ಮುಖತಃ ತಿಳಿಸುವುದು ನನ್ನ ಪಾಲಿನ ಕೆಲಸ. ಗುಂಡಿನ ಸದ್ದಿಗೆ ಅಂಜದ ನಾನು ಕಾಲಿಂಗ್ ಬೆಲ್ ಒತ್ತಲು ಅಂಜುತ್ತಿದ್ದೆ. ಸುಳ್ಳೇಕೆ ಹೇಳಲಿ?

ಒಂದು ಬೆಳಿಗ್ಗೆ ಕಾಶ್ಮೀರದಿಂದ ಫೋನ್ ಬಂತು. ಡೊಂಬಿವಲಿಯ ಪ್ಯಾರಾಟ್ರೂಪರ್ ರಕ್ಷಿತ್, ಇಪ್ಪತ್ಮೂರರ ಹುಡುಗ, ಗಡಿಯ ಕಾಳಗದಲ್ಲಿ ಮಡಿದಿದ್ದ. ಪ್ಯಾರಾಟ್ರೂಪರ್ ಎಂದರೆ ವಿಮಾನದಿಂದ ಧುಮುಕಿ ಶತ್ರುವಿನ ಬೆನ್ನಿಗೆ ಬೀಳುವ ಸೈನಿಕ. ಟಿವಿಯಲ್ಲಿ ಆಗಲೇ ಸುದ್ದಿ ಓಡುತ್ತಿತ್ತು, ಹೆಸರೊಂದು ಬಾಕಿ. ತಾಯಿ ಶಕುಂತಲಕ್ಕ ಮನೆಯಲ್ಲಿ ಒಬ್ಬರೇ. ಒಂಟಿ ಹೆಂಗಸಿನ ಬಾಗಿಲಿಗೆ ಹಾಗೇ ಹೋಗಿ ನಿಲ್ಲಲು ಧೈರ್ಯವಾಗದೆ, ಮೊದಲು ಸಾನಪಾಡಾಕ್ಕೆ ಜೀಪು ಓಡಿಸಿದೆ. ತಂದೆ ತೀರಿದ ಮೇಲೆ ಹುಡುಗನನ್ನು ಬೆಳೆಸಿದ ಸೋದರಮಾವ ಜಯಣ್ಣನ ಹೋಟೆಲು ಅಲ್ಲಿತ್ತು. ಉಡುಪಿ ಕಡೆಯವರು.

ಜಯಣ್ಣ ಗಲ್ಲಾ ಹಿಂದೆಯೇ ಕುಸಿದು ಕೂತರು. ಸ್ವಲ್ಪ ಹೊತ್ತಿಗೆ ಎದ್ದರು.

"ಸಾಹೇಬ್ರೆ, ಇದು ಹೊರಗಿನವರ ಬಾಯಿಂದ ಅವಳ ಕಿವಿಗೆ ಬೀಳ್ಬಾರ್ದು. ಮಾವ ಅಂತ ನಾನಿದ್ದೇನಲ್ಲ, ನಾನೇ ಹೇಳ್ತೇನೆ."

ಆಮೇಲೆ ತಂಗಿಯ ಬಿಲ್ಡಿಂಗಿನ ಕೇಬಲ್‌ವಾಲಾನಿಗೆ ಫೋನ್ ಮಾಡಿದರು. "ಭಾವೂ, ಲೈನ್ ಬಂದ್ ಕರ. ಕಾರಣ ವಿಚಾರೂ ನಕೋ." ಲೈನ್ ನಿಲ್ಲಿಸು, ಕಾರಣ ಕೇಳಬೇಡ ಎಂದು ಮರಾಠಿಯಲ್ಲಿ. ಆ ಗಳಿಗೆಯಲ್ಲೂ ಎಂಥಾ ತಲೆ!

ಇಬ್ಬರೂ ಡೊಂಬಿವಲಿಗೆ ಹೊರಟೆವು. ದಾರಿಯ ಶಿಳ್‌ಫಾಟಾದಲ್ಲಿ ಟ್ರಾಫಿಕ್ ಕಚ್ಚಿಕೊಂಡಿತ್ತು. ಮುಂದೆ ಲಾರಿ, ಹಿಂದೆ ಲಾರಿ. ಟಿವಿ ನಿಂತಿತು ಸರಿ, ನೆಂಟರು ಯಾರಾದರೂ ಫೋನ್ ಮಾಡಿದರೆ? ನಾನು ಮೊದಲೇ ಮುಂಗೋಪಿ, ಸಿಕ್ಕ ಸಿಕ್ಕ ಡ್ರೈವರಿಗೆಲ್ಲ ಬೈದೆ. ಜಯಣ್ಣ ಮಾತ್ರ ಅಳಿಯನ ಬಗ್ಗೆ ಹೇಳುತ್ತಲೇ ಇದ್ದರು. ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದನಂತೆ. ಡೊಂಬಿವಲಿಯಿಂದ ಕಲ್ಯಾಣದವರೆಗೆ ಓಡಿ, ಲೋಕಲ್ ಹಿಡಿದು ಮರಳುತ್ತಿದ್ದನಂತೆ. ಗಲ್ಲಾದಲ್ಲಿ ಕೂರು ಎಂದರೆ, "ಮಾಮಾ, ಕೂತು ಕೂತು ನಿಮ್ಮ ಹೊಟ್ಟೆ ನೋಡಿ" ಎಂದು ನಕ್ಕು ಸೇನೆಗೆ ಸೇರಿದನಂತೆ. ಪ್ಯಾರಾ ಪಡೆಯ ಪ್ರೊಬೇಶನ್, ಅಂದರೆ ಅನ್ನ ನಿದ್ದೆ ಕಿತ್ತುಕೊಂಡು ಹುಡುಗರನ್ನು ಜರಡಿ ಹಿಡಿಯುವ ಪರೀಕ್ಷೆ, ಅದನ್ನೂ ಗೆದ್ದು ಮರೂನ್ ಟೋಪಿ ಹಾಕಿಕೊಂಡು ಬಂದಿದ್ದ.

ಬಾಗಿಲು ತೆರೆದ ಶಕುಂತಲಕ್ಕ ಕೇಬಲ್‌ನವನೆಂದೇ ತಿಳಿದಿದ್ದರು. ಅಣ್ಣನನ್ನು ಕಂಡು, "ಊಟದ ರಷ್ಷಲ್ಲಿ ಗಲ್ಲಾ ಬಿಟ್ಟು ಬಂದದ್ದಾ?" ಅಂದರು. ಆಗ ಹಿಂದಿದ್ದ ನನ್ನ ಸಮವಸ್ತ್ರ ಕಣ್ಣಿಗೆ ಬಿತ್ತು. ಮುಖದ ರಕ್ತವೆಲ್ಲ ಇಳಿಯಿತು.

ಜಯಣ್ಣ ತುಳುವಿನಲ್ಲಿ ಎರಡೇ ಮಾತು ಹೇಳಿದರು. "ಆಣ್ ಪೋಯೆ."

ಹುಡುಗ ಹೋದ. ತುಳು ಮನೆಗಳಲ್ಲಿ ಹಾಲು ತರಲು ಹೊರಟವರೂ 'ಹೋಗಿ ಬರ್ತೇನೆ' ಎನ್ನುತ್ತಾರೆ, ಬರೀ 'ಹೋದೆ' ಎನ್ನುವುದಿಲ್ಲ. ತಂಗಿ ಅಣ್ಣನ ಅಂಗಿ ಹಿಡಿದು ನೆಲಕ್ಕೆ ಕೂತರು. ನನ್ನ ಕಣ್ಣೂ ತುಂಬಿತು. ಸಾವಿನ ಸುದ್ದಿ ಬೇಗ ಮುಟ್ಟಿದರೆ ಸಾಲದು, ಹೇಳಿದವನನ್ನು ಹಿಡಿದು ಅಳುವಂತಿರಬೇಕು. ನೌಕರಿ ನನಗೆ ಕಲಿಸಿದ್ದು ಇದನ್ನೇ.

ಬಹಳ ಹೊತ್ತಿನ ಮೇಲೆ ಆಕೆ ನನ್ನತ್ತ ತಿರುಗಿದರು. "ಹೋಗುವಾಗ ಅವ ಒಬ್ಬನೇ ಇದ್ದನಾ?"

"ಇಲ್ಲಮ್ಮ. ಗುಂಡು ತಗುಲಿದ ಜೊತೆಗಾರನನ್ನ ಎಳೆದು ತರಲಿಕ್ಕೆ ತಿರುಗಿ ಹೋಗಿದ್ದ. ಆ ಹುಡುಗ ಬದುಕ್ಯಾನ, ಆಸ್ಪತ್ರ್ಯಾಗ ಅದಾನ."

"ಅವನ ಅಮ್ಮನಿಗೆ ಹೇಳಿದ್ದೀರಾ?"

ನನಗೆ ಗೊತ್ತಿರಲಿಲ್ಲ.

"ಅವರ ಮನೆಯಲ್ಲೂ ಟಿವಿ ಇರ್ತದಲ್ಲ ಸಾಹೇಬ್ರೆ," ಅಂದರು ಶಕುಂತಲಕ್ಕ. "ಬದುಕಿದ್ದಾನೆ ಅಂತ ಬೇಗ ಹೇಳಿ."