ಕರುಳು ಎದ್ದ ಹೊತ್ತು

ರತ್ನಮ್ಮನ ತುಟಿ ಅವತ್ತು ಅಷ್ಟು ಕೆಂಪಾಗಿರಲೇ ಇಲ್ಲವೋ ಏನೋ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಪ್ರತಿ ಸಲವೂ ಅದಕ್ಕೆ ನಾನೇ ಒಂದಿಷ್ಟು ಬಣ್ಣ ಬಳಿದಿರಬಹುದು.

ನಾನು ಮಧುಗಿರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮೊದಲೆಲ್ಲ ಆಪರೇಷನ್ ಆದವರಿಗೆ ‘ಕೂಡದು’ ಎನ್ನುವುದೇ ನನ್ನ ಅರ್ಧ ಕೆಲಸವಾಗಿತ್ತು. ನೀರು ಕೂಡದು, ಏಳಕೂಡದು; ಬಾಯಾರಿದರೆ ಒದ್ದೆ ಹತ್ತಿಯಿಂದ ತುಟಿ ಒರೆಸುವುದು. ಈಗ ಹೊಸ ಪದ್ಧತಿ: ಬೇಗ ಕುಡಿಸಿ, ಬೇಗ ನಡೆಸಿ, ಕರುಳು ಎಚ್ಚರಾಗಲೆಂದು ಚೂಯಿಂಗ್ ಗಮ್ ಅಗಿಸಿ. ಅದೇ ಬಾಯಲ್ಲಿ ಉಲ್ಟಾ ಹೇಳುವಾಗ ನನಗೇ ಅನುಮಾನ. ಜನ ನಂಬುವುದು ಹೇಗೆ?

ವಳ್ಳೂರಿನ ರತ್ನಮ್ಮನಿಗೆ ಕರುಳಿನ ಆಪರೇಷನ್ ಆಗಿತ್ತು. ಮಾರನೆಯ ಬೆಳಿಗ್ಗೆ ಎಬ್ಬಿಸಲು ಹೋದರೆ ಅವಳ ಅತ್ತೆ ಗಂಗಮ್ಮ ಅಡ್ಡ ನಿಂತರು.

“ಏಮಮ್ಮಾ ಸಿಸ್ಟ್ರಮ್ಮ, ನಿನ್ನೆ ಹೊಟ್ಟೆ ಕುಯ್ದು ಇವತ್ತು ನಡಿ ಅಂತೀಯಲ್ಲ, ಹೊಲಿಗೆ ಬಿಚ್ಕಂಡ್ರೆ ನೀನ್ ಹಾಕ್ತೀಯಾ?”

“ಬಿಚ್ಕಳಲ್ಲ ಕಣಜ್ಜಿ. ನಡುದ್ರೇನೆ ಕರುಳು ಓಡಾಡೋದು.”

“ನಮ್ ಕಾಲ್ದಾಗೆ ಮಲಗ್ಕಂಡೇ ಓಡಾಡ್ತಿತ್ತು ಬುಡು.”

ರತ್ನಮ್ಮ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. ಹೇಗೋ ಕಿಟಕಿಯವರೆಗೆ ನಡೆಸಿ, ಗಮ್ ಕೊಟ್ಟು, ಅಗಿಯುವುದು ಯಾಕೆಂದು ಇಬ್ಬರಿಗೂ ವಿವರಿಸಿದೆ. ಆದರೂ ಹೊಟ್ಟೆ ಉಬ್ಬರಿಸಿಯೇ ಇತ್ತು. ಬೇರೆಲ್ಲ ಕಡೆ ಮರ್ಯಾದೆ ಕಳೆಯುವ ಹೂಸು ನಮ್ಮ ವಾರ್ಡಿನಲ್ಲಿ ಮಾತ್ರ ಶುಭ ಸಮಾಚಾರ. ಕರುಳು ಎದ್ದಿದೆ ಎಂದು ಅದೇ ಬಂದು ಹೇಳಬೇಕು. ಬರದಿದ್ದರೆ ರತ್ನಮ್ಮನ ಮೂಗಿಗೆ ಪೈಪು, ಮತ್ತೆ ಉಪವಾಸ. ಆಮೇಲೆ ಆ ವಾರ್ಡಿನಲ್ಲಿ ನನ್ನ ಮಾತಿಗೆ ಯಾರು ಏಳುತ್ತಾರೆ?

ಮಧ್ಯಾಹ್ನ ಬಂದು ನೋಡಿದರೆ ಅವಳ ತುಟಿಯೆಲ್ಲ ಕೆಂಪು. ರಕ್ತವೆಂದು ನಾನು ಕಿರುಚಿದೆನಂತೆ, ವಾರ್ಡಿನ ಆಯಾ ಹಾಗೆನ್ನುತ್ತಾಳೆ. ನನಗೆ ನೆನಪಿರುವುದು ವೀಳ್ಯದೆಲೆಯ ವಾಸನೆ, ಮತ್ತು ಮಂಚದ ಕಂಬಿಗೆ ಅಂಟಿಸಿದ್ದ ಗಮ್.

“ಅಗೀಬೇಕು ಅಂದ್ಯಲ್ಲಮ್ಮ? ಆ ರಬ್ಬರ್ ಯಾವಳು ಅಗೀತಾಳೆ! ಎಲೆ ಅಡಿಕೆ ಕೊಟ್ಟೆ. ಬಾಣಂತೀರಿಗೆ ಕೊಡಲ್ವಾ?”

“ಅಯ್ಯೋ, ಇಲ್ಲಿ ಅಂಗೆಲ್ಲ ಕೊಡಂಗಿಲ್ಲ. ಉಗುಳ್ಸಜ್ಜಿ ಮೊದ್ಲು!”

ರತ್ನಮ್ಮ ಬೇಸಿನ್ನಿಗೆ ಉಗುಳಿದಳು. ಆಮೇಲೆ ಸೆರಗು ಮುಖಕ್ಕೆ ಹಿಡಿದು ಪಿಸುಗುಟ್ಟಿದಳು: “ಅತ್ತೆ, ಆಗ್ಲೇ ಹೋಯ್ತು.”

“ಹೋಯ್ತಂತೆ ಕಣ್ರಮ್ಮೋ!” ಎಂದು ಗಂಗಮ್ಮ ಇಡೀ ವಾರ್ಡಿಗೆ ಸಾರಿದರು. ಆಚೆ ಮಂಚದವಳು ಕೈಮುಗಿದಳು.

ಸಂಜೆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಹೊಸ ಪದ್ಧತಿ ಫಲಿಸಿತು ಎಂದರು. ಗಂಗಮ್ಮ ಎಲೆಯ ಚೀಲ ಸವರಿ ನಕ್ಕರು. ನಾನು ಇಬ್ಬರಿಗೂ ತಲೆಯಾಡಿಸಿದೆ. ಆಚೆ ಮಂಚದವಳು ಯಾರೂ ಕರೆಯದೆ ಎದ್ದು ಕಿಟಕಿಯವರೆಗೆ ನಡೆಯುತ್ತಿದ್ದಳು.

ಕಿಟಕಿಯವರೆಗಿನ ಆ ನಡಿಗೆಯೋ, ಒಂದು ಗಳಿಗೆ ಅಗಿದ ಗಮ್ಮೋ, ಎಲೆಯೋ, ಇಲ್ಲ ಕರುಳು ತನ್ನ ಪಾಡಿಗೆ ತಾನೇ ಎದ್ದಿತೋ, ನನಗೆ ಗೊತ್ತಿಲ್ಲ.