ಗಂಜಿ ಹೆಚ್ಚಾದ ಗೋಡೆ

ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯ ಗೋಡೆ ಬಿರುಕು ಬಿಟ್ಟಿತೆಂದು ಅಣ್ಣ ಅದನ್ನು ಕೆಡವಿಸಿದ. ಬೇರೆ ದಾರಿಯಿರಲಿಲ್ಲ, ಒಪ್ಪುತ್ತೇನೆ. ಆದರೆ ಪುಣ್ಯಾತ್ಮ ಒಂದು ಫೋಟೋ ತೆಗೆದಿಡಬಾರದಿತ್ತೇ? ಹಳೆಯ ಫೋಟೋಗಳಲ್ಲೆಲ್ಲ ನಾವೇ ಗೋಡೆಗೆ ಅಡ್ಡ ನಿಂತಿದ್ದೇವೆ.

ಆ ಗೋಡೆಗೆ ಕೊನೆಯ ಸಲ ಸುಣ್ಣ ಹಚ್ಚಿದವನು ಅಪ್ಪ. ಹುಟ್ಟಾ ನೇಕಾರ. ಒರಗಿದರೆ ಬಟ್ಟೆಗೆ ಹತ್ತದಿರಲೆಂದು ನೀಲಿ ಕಲಸಿದ ಸುಣ್ಣಕ್ಕೆ ಎಲ್ಲರೂ ಒಂದಿಷ್ಟು ಗಂಜಿ ಬೆರೆಸುತ್ತಾರೆ. ಅಪ್ಪ ಮಗ್ಗದ ನೂಲಿಗೆಂದು ಕಾಸಿಟ್ಟ ಗಂಜಿಯನ್ನೆಲ್ಲ ಬಕೆಟ್ಟಿಗೆ ಸುರಿದ.

"ಗಂಜಿ ಕುಡದಷ್ಟೂ ನೂಲು ಗಟ್ಟಿ. ಗ್ವಾಡಿಗೂ ಅಷ್ಟ," ಎಂದ.

ಹಾಲು ಒಡೆದಂತೆ ಸುಣ್ಣ ಒಡೆಯಿತು. ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ದಪ್ಪ ಬಿಳಿ ಮಚ್ಚೆ, ನಡುವೆಲ್ಲ ತೆಳು ನೀಲಿ.

"ಹಬ್ಬಕ್ಕ ಬಂದವ್ರಿಗೆ ಏನಂತ ಹೇಳ್ಲಿ?" ಎಂದು ಅವ್ವ ಸಿಡಿಮಿಡಿಗೊಂಡಳು.

ಅಪ್ಪ ಬಾಗಿಲ ಪಕ್ಕದ ಮಚ್ಚೆಯೊಂದನ್ನು ತೋರಿಸಿ, "ಕೋಳಿ ಕಾವಿಗೆ ಕುಂತೈತಿ, ಗದ್ಲ ಮಾಡಬ್ಯಾಡ," ಎಂದ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಹೋದ ಮೇಲೆ ಆ ಗೋಡೆಗೆ ಅವಳು ಯಾರನ್ನೂ ಕೈ ಹಚ್ಚಗೊಡಲಿಲ್ಲ.

ಈಗ ಧಾರವಾಡದಲ್ಲಿ ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ ಬಕೆಟ್ಟಿನದು. ನೀರಿನಲ್ಲಿ ತೇಲುವ ಸುಣ್ಣದಂಥ ಸಣ್ಣ ಕಣಗಳು, ಅವುಗಳ ಜೊತೆ ಗಂಜಿಯಂಥ ಉದ್ದನೆಯ ಎಳೆಗಳು. ಎಳೆಗಳು ಹೆಚ್ಚಾದರೆ ಕಣಗಳ ನಡುವಿನ ಸಂದಿಯಲ್ಲಿ ಹಿಡಿಸದೆ ಹೊರಗಿನಿಂದ ಒತ್ತುತ್ತವೆ. ಕಣಗಳು ಒಂದೆಡೆ ಗುಂಪಾಗುತ್ತವೆ, ಎಳೆಗಳು ಇನ್ನೊಂದೆಡೆ. ಇದನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸಿ ನೋಡುತ್ತೇನೆ.

ಮೊನ್ನೆ ಊರಿಗೆ ಹೋದಾಗ ಅವ್ವ ಹೊಸ ಗೋಡೆಯತ್ತ ನೋಡುತ್ತ, "ನಿಮ್ಮಪ್ಪನ ಗ್ವಾಡಿ ಇನ್ನೊಮ್ಮಿ ನೋಡಬೇಕಿತ್ತು," ಎಂದಳು. ನಾನು ಲ್ಯಾಪ್‌ಟಾಪ್ ತೆರೆದು, ಗಂಜಿ ಹೆಚ್ಚು ಮಾಡಿ, ಲೆಕ್ಕ ಓಡಿಸಿದೆ. ಪರದೆಯ ಮೇಲೆ ನಿಧಾನಕ್ಕೆ ಬಿಳಿ ಮಚ್ಚೆಗಳು ಕೂಡಿಕೊಂಡವು. ಅವ್ವ ಕನ್ನಡಕ ಏರಿಸಿ ಮುಂದೆ ಬಾಗಿದಳು.

"ಖರೇನ ಹಂಗ ಐತಿ. ಕೋಳಿ ಎಲ್ಲೈತಿ?"

"ಅದು ಬರಂಗಿಲ್ಲ ಬೇ. ಪ್ರತಿ ಸಲ ಕಣ ಬ್ಯಾರೆ ಬ್ಯಾರೆ ಕಡೆಯಿಂದ ಶುರು ಆಗ್ತಾವು. ಮಚ್ಚಿ ಬರ್ತಾವು, ಅಪ್ಪನ ಗ್ವಾಡಿ ಮಚ್ಚಿ ಬರಂಗಿಲ್ಲ. ಸಾವಿರ ಸಲ ನಡಸಿದ್ರೂ ಅಷ್ಟ."

ಅವ್ವ ಚಾಪೆಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಸರಿಯಾಗಿ ಕೂತಳು.

"ತಿಳೀತು," ಎಂದಳು. "ಇನ್ನೊಮ್ಮಿ ನಡಸು."